ಸಂಜೆ ಆರರ ಮೂರು ನಂಬರು

ನನ್ನ ತಂಗಿಗೆ ಆರನೇ ವಯಸ್ಸಿನಲ್ಲಿ ಮೆದುಳು ಜ್ವರ ಬಂತು. ಜ್ವರ ಇಳಿಯಿತು, ಕಿವಿ ಹೋಯಿತು. ಅಷ್ಟು ಹೊತ್ತಿಗೆ ಅವಳು ಅರಳು ಹುರಿದಂತೆ ಮಾತಾಡುತ್ತಿದ್ದಳು, ಅಕ್ಷರವೂ ಕಲಿತಿದ್ದಳು. ಹಾಗಾಗಿ ಓದು ಬರಹ ಉಳಿದುಕೊಂಡಿತು. ಮಾತು ಮಾತ್ರ ವರ್ಷ ಕಳೆದಂತೆ ಮನೆಯವರಿಗಷ್ಟೇ ತಿಳಿಯುವಂತಾಯಿತು. ನಾವು ತುಟಿ ನಿಧಾನಕ್ಕೆ ಆಡಿಸಿದರೆ ಅವಳು ಹಿಡಿದುಕೊಳ್ಳುತ್ತಿದ್ದಳು. ಹೊರಗಿನವರ ಮಾತು ಅವಳಿಗೆ ಸಿಗುತ್ತಿರಲಿಲ್ಲ, ಅವಳ ಮಾತು ಅವರಿಗೂ ಸಿಗುತ್ತಿರಲಿಲ್ಲ.

ಓದು ಮುಗಿಸಿ ಅವಳು ಮೈಸೂರಿನ ಒಂದು ಕಿವುಡರ ತರಬೇತಿ ಶಾಲೆಯಲ್ಲಿ ಡಿಟಿಪಿ ಕಲಿಸುವ ಕೆಲಸಕ್ಕೆ ಸೇರಿದಳು. ಅದೇ ವರ್ಷ ಮಧುಗಿರಿಯ ನಮ್ಮ ಮನೆಗೆ ಫೋನು ಬಂತು. ಅಪ್ಪನದು ಹುಣಸೆಹಣ್ಣಿನ ವ್ಯಾಪಾರ, ಫೋನು ಬಂದಿದ್ದು ಅದರ ಸಲುವಾಗಿ. ಆದರೆ ಭಾನುವಾರ ಬೆಳಿಗ್ಗೆ ಅಪ್ಪ ವಿಭೂತಿ ಇಟ್ಟುಕೊಂಡು, ಫೋನಿನ ಮುಂದೆ ಕೂತು, ಮೈಸೂರಿನ ಹಾಸ್ಟೆಲ್ಲಿಗೆ ಮಾಡುತ್ತಿದ್ದರು. ಎತ್ತುತ್ತಿದ್ದವರು ವಾರ್ಡನ್. ಚೆನ್ನಾಗಿದ್ದಾಳೆ, ಊಟ ಮಾಡುತ್ತಾಳೆ, ನಿಮ್ಮನ್ನು ಕೇಳಿದಳು ಎಂದು ಹೇಳುತ್ತಿದ್ದರು. ಪ್ರತಿ ವಾರವೂ ಅದೇ ಮೂರು ಮಾತು. ಅವು ತಂಗಿಯ ಮಾತುಗಳಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೆ ಹಾಸ್ಟೆಲ್ಲಿನ ಊಟ ಸೇರುತ್ತಿರಲಿಲ್ಲ, ಕಾಗದದಲ್ಲಿ ಬರೆಯುತ್ತಿದ್ದಳು. ಕಾಗದ ನಮ್ಮ ಕೈಸೇರುವಾಗ ಅವಳ ಸಿಟ್ಟು ಆರಿ, ಬೇರೆ ಯಾವುದೋ ವಿಷಯ ಶುರುವಾಗಿರುತ್ತಿತ್ತು.

ಆಗ ನಾನು ಕೊರಟಗೆರೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ತಂಗಿಯ ಶಾಲೆಗೆ ಇಂಟರ್ನೆಟ್ಟು ಬಂದಿದೆ, ಸಂಜೆ ಆರರಿಂದ ಆರೂವರೆವರೆಗೆ ಕಂಪ್ಯೂಟರ್ ಕೋಣೆ ಸಿಬ್ಬಂದಿಗೆ ಬಿಡುತ್ತಾರೆ, ಆಮೇಲೆ ವಾಚ್‌ಮನ್ ಬೀಗ ಹಾಕುತ್ತಾನೆ ಎಂದು ಅವಳ ಕಾಗದ ಬಂತು. ಕೊನೆಯಲ್ಲಿ ಒಂದೇ ಸಾಲು ಇತ್ತು: ‘ನೀನೂ ಒಂದು ತಗೋ ಅಕ್ಕ.’

ಶಿರಾದಲ್ಲಿ ಒಂದು ಟೈಪಿಂಗ್ ಸೆಂಟರ್ ಮುಚ್ಚುತ್ತಿತ್ತು. ಅಲ್ಲಿಂದ ಹಳೆಯ ಕಂಪ್ಯೂಟರ್ ಒಂದನ್ನು ತಂದೆ. ತಂದ ವಾರದಲ್ಲೇ ವೈರಸ್ ತಿಂದು ಅದು ಮಲಗಿತು. ನಮ್ಮ ಕಾಲೇಜಿನಲ್ಲಿ ಪಾವಗಡದ ಕಡೆಯ ಭೌತಶಾಸ್ತ್ರದ ಮೇಷ್ಟ್ರೊಬ್ಬರಿದ್ದರು. ಕನ್ನಡ ಮಾತಾಡುತ್ತಲೇ ತೆಲುಗಿಗೆ ಹೊರಳಿಬಿಡುತ್ತಿದ್ದರು. ನನ್ನ ಗೋಳು ಕೇಳಿ ಮೂರು ಸಿ.ಡಿ. ತಂದುಕೊಟ್ಟರು. ಲಿನಕ್ಸ್ ಅಂತ, ಕಂಪ್ಯೂಟರ್ ನಡೆಸುವ ಬೇರೊಂದು ವ್ಯವಸ್ಥೆ, ವೈರಸ್ಸಿನ ಕಾಟ ಇದಕ್ಕಿಲ್ಲ, ಆದರೆ ಎಲ್ಲವನ್ನೂ ನೀವೇ ಹೇಳಿಕೊಡಬೇಕು, ತಾನಾಗಿ ಏನೂ ಮಾಡುವುದಿಲ್ಲ ಎಂದರು. ಎರಡು ಭಾನುವಾರ ಕೂತು ಹಾಕಿದೆ. ಕಂಪ್ಯೂಟರ್ ಎದ್ದಿತು. ಫೋನಿನ ತಂತಿಯಿಂದ ಇಂಟರ್ನೆಟ್ಟಿಗೆ ಸೇರಿಸುವ, ಒಳಗಿದ್ದ ಮೋಡೆಮ್ ಮಾತ್ರ ಏಳಲಿಲ್ಲ. ಆ ಜಾತಿಯ ಮೋಡೆಮ್ಮಿಗೆ ಲಿನಕ್ಸಿನಲ್ಲಿ ಜೀವವಿಲ್ಲ, ಹೊರಗೆ ಇಡುವ ಪೆಟ್ಟಿಗೆಯಂಥದ್ದು ಬೇಕು ಎಂದು ಮೇಷ್ಟ್ರು ಹೇಳಿದರು. ತುಮಕೂರಿಗೆ ಹೋಗಿ ಹುಡುಕಿ ಅದನ್ನೂ ತಂದೆ. ಅಂಗೈ ಅಗಲದ ಪೆಟ್ಟಿಗೆ, ಮುಂದೆ ಸಾಲಾಗಿ ಕೆಂಪು ದೀಪ.

ಅದನ್ನು ಸಿಕ್ಕಿಸಿ ಡಯಲ್ ಮಾಡಿದರೆ ‘ಡಯಲ್ ಟೋನ್ ಇಲ್ಲ’ ಎಂದು ತೆರೆಯ ಮೇಲೆ ಬರುತ್ತಿತ್ತು. ಫೋನು ಎತ್ತಿ ಕಿವಿಗಿಟ್ಟರೆ ಟೋನು ಗುಂಯ್ ಎನ್ನುತ್ತಿತ್ತು. ಹತ್ತು ದಿನ ಇದೇ ಆಯಿತು. ತಂತಿ ಬದಲಿಸಿದೆ, ಗೋಡೆಯ ಡಬ್ಬಿ ಬಿಚ್ಚಿ ಕಟ್ಟಿದೆ. ಕೊನೆಗೆ ಮೇಷ್ಟ್ರನ್ನೇ ಒಂದು ಶನಿವಾರ ಮನೆಗೆ ಕರೆದುಕೊಂಡು ಬಂದೆ. ಅವರು ಅಮ್ಮ ಕೊಟ್ಟ ಕಾಫಿ ಕುಡಿದು, ಫೋನಿನ ಟೋನು ಕೇಳಿ, ನಕ್ಕರು.

“ಏಂ ಪರವಾಲೇದು ಮೇಡಂ. ಟೋನು ಐತೆ, ನಿಮ್ಮೂರ ಎಕ್ಸ್‌ಚೇಂಜಿನ ಟೋನು ಇದಕ್ಕೆ ಗುರುತು ಸಿಗ್ತಾ ಇಲ್ಲ. ಟೋನಿಗೆ ಕಾಯಬೇಡ, ಸುಮ್ನೆ ಡಯಲ್ ಮಾಡು ಅಂತ ಹೇಳಬೇಕು.”

ಹಾಗೆ ಹೇಳಲು ಎರಡು ಅಕ್ಷರದ ಒಂದು ಸಣ್ಣ ಸೂಚನೆ ಸೇರಿಸಬೇಕಿತ್ತು, ಅಷ್ಟೇ. ಸೇರಿಸಿದರು. ಮೋಡೆಮ್ ಒಂದು ಕ್ಷಣ ಸುಮ್ಮನಿದ್ದು ಟಿಕಿಟಿಕಿ ನಂಬರು ಒತ್ತಿತು, ಆಮೇಲೆ ಕಿರ್ರೋ ಎಂದು ಕೂಗಿಕೊಂಡಿತು. ಅಮ್ಮ ಅಡುಗೆಮನೆಯಿಂದ ಓಡಿಬಂದರು. ಸಂಪರ್ಕ ಸಿಕ್ಕಿತ್ತು. ಅದಕ್ಕೆ ಕೊಡಬೇಕಾದ ಆಜ್ಞೆ ‘ಪಿ, ಓ, ಎನ್’ ಎಂಬ ಮೂರು ಅಕ್ಷರ. ನಮ್ಮ ಅಮ್ಮನೂ ಟೆಲಿಫೋನನ್ನು ‘ಪೋನು’ ಎಂದೇ ಅನ್ನುತ್ತಿದ್ದುದು. ಆ ಒಂದು ಆಜ್ಞೆಯನ್ನು ನಾನು ಎಂದೂ ಮರೆಯಲಿಲ್ಲ.

ಮೊದಲ ಸಂಜೆ ಚಾಟ್‌ನಲ್ಲಿ ತಂಗಿ ಸಿಕ್ಕಳು. ಆಗ ಕನ್ನಡ ಅಕ್ಷರ ಕಳಿಸಲು ಬರುತ್ತಿರಲಿಲ್ಲ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಿದ್ದೆವು. ನಾನು ಹೇಗಿದ್ದೀಯ ಎಂದು ಕೇಳಿದೆ. ಅವಳು ಅದಕ್ಕೆ ಉತ್ತರ ಕೊಡಲಿಲ್ಲ.

“ಅಕ್ಕ, ಮಧ್ಯೆ ಯಾರೂ ಇಲ್ಲ ತಾನೆ?” ಎಂದು ಬರೆದಳು.

ಯಾರೂ ಇಲ್ಲ, ನೀನು ನಾನು ಅಷ್ಟೇ ಎಂದೆ. ಆಮೇಲೆ ಅವಳು ಬರೆದದ್ದನ್ನು ಓದುವುದಕ್ಕೆ ನನ್ನ ಕಣ್ಣು ಸಾಲಲಿಲ್ಲ. ಅಷ್ಟು ವೇಗವಾಗಿ ಬರೆದಳು. ಹಾಸ್ಟೆಲ್ಲಿನ ಸಾರು, ಕೋಣೆಯವಳ ಜಂಬ, ಕಲಿಯಲು ಬರುವ ಹೆಣ್ಣುಮಕ್ಕಳಲ್ಲಿ ಒಬ್ಬಳು ತನಗಿಂತ ಚುರುಕಾಗಿರುವುದು. ಇಪ್ಪತ್ತೈದು ನಿಮಿಷದಲ್ಲಿ ನನಗೆ ತಂಗಿ ವಾಪಸ್ ಸಿಕ್ಕಿದಂತಾಯಿತು. ಇನ್ನು ಈ ಅರ್ಧ ಗಂಟೆಯನ್ನು ಯಾವ ಕಾರಣಕ್ಕೂ ಬಿಡಬಾರದು ಎಂದು ಆ ದಿನವೇ ತೀರ್ಮಾನ ಮಾಡಿದೆ.

ಬಿಡದೆ ಇರುವುದು ಸುಲಭವಾಗಿರಲಿಲ್ಲ. ಇಂಟರ್ನೆಟ್ ಕಂಪನಿಗೆ ಡಯಲ್ ಮಾಡಲು ಮಧುಗಿರಿಯಲ್ಲೇ ಸಿಗುವ ನಂಬರು ಒಂದೇ. ಊರಿನ ಅಂಗಡಿ, ಆಫೀಸು, ಸೈಬರ್ ಸೆಂಟರು ಎಲ್ಲ ಅದಕ್ಕೇ ಬೀಳುತ್ತಿದ್ದರು. ಆರು ಗಂಟೆಗೆ ಸರಿಯಾಗಿ ಅದು ಎಂಗೇಜು. ಮತ್ತೆ ಮತ್ತೆ ಡಯಲ್ ಮಾಡುತ್ತ ಆರೂಕಾಲು ಆಗಿಬಿಡುತ್ತಿತ್ತು. ಅಲ್ಲಿ ಮೈಸೂರಿನಲ್ಲಿ ಅವಳು ಖಾಲಿ ತೆರೆ ನೋಡಿಕೊಂಡು ಕೂತಿರುತ್ತಾಳೆ ಎಂದು ನನಗೆ ಇಲ್ಲಿ ಕೈಕಾಲು ಆಡುತ್ತಿರಲಿಲ್ಲ. ಎರಡನೆಯ ಕಂಪನಿಯ ಖಾತೆ ಮಾಡಿಸಿದೆ. ಅದರ ನಂಬರು ತುಮಕೂರಿನದು, ಸಿಗುತ್ತಿತ್ತು, ಆದರೆ ಮಾತಿನ ನಡುವೆ ಕಡಿದುಹೋಗುತ್ತಿತ್ತು. ಶಿರಾದ ಒಂದು ಅಂಗಡಿಯಲ್ಲಿ ಮೂರನೆಯ ಕಂಪನಿಯ ಇಂಟರ್ನೆಟ್ ಕಾರ್ಡು ಸಿಗುತ್ತದೆಂದು ತಿಳಿದು ಅದನ್ನೂ ತಂದೆ. ಅಂಗಡಿಯ ಸಾಹೇಬರು ಕಾರ್ಡು ಕೊಟ್ಟು, “ಲಿನಕ್ಸಾ? ಅದರದ್ದು ಜಿಮ್ಮೇದಾರಿ ನಂದಲ್ಲಮ್ಮ” ಎಂದು ಮೊದಲೇ ಹೇಳಿಬಿಟ್ಟಿದ್ದರು.

ಅವರು ಹೇಳಿದ್ದು ಸರಿಯಾಗಿತ್ತು. ಮೊದಲೆರಡು ಕಂಪನಿಗಳಿಗೆ ಫೋನು ಹತ್ತಿದ ಮೇಲೆ ಹೆಸರು, ಪಾಸ್‌ವರ್ಡು ಒಟ್ಟಿಗೆ ಒಪ್ಪಿಸಿದರೆ ಆಯಿತು. ಮೂರನೆಯದು ಹಾಗಲ್ಲ. ಮೊದಲು ‘ಲಾಗಿನ್’ ಎಂದು ಬರೆದು ಕಾಯುತ್ತದೆ, ಹೆಸರು ಕೊಟ್ಟರೆ ‘ಪಾಸ್‌ವರ್ಡ್’ ಎಂದು ಬರೆದು ಮತ್ತೆ ಕಾಯುತ್ತದೆ. ಅದು ಕೇಳುವುದಕ್ಕೆ ಮುಂಚೆ ಹೇಳಿದರೆ ಫೋನು ಇಟ್ಟುಬಿಡುತ್ತದೆ. ಇದನ್ನು ಕಂಡುಹಿಡಿಯಲು ನನಗೆ ಒಂದು ವಾರ ಹಿಡಿಯಿತು. ಒಂದೊಂದು ಕಂಪನಿಗೂ ಒಂದೊಂದು ಫೈಲು ಮಾಡಿದೆ. ಮಧುಗಿರಿ, ತುಮಕೂರು, ಶಿರಾ ಎಂದು ಊರಿನ ಹೆಸರನ್ನೇ ಇಟ್ಟೆ. ‘ಪೋನು ಶಿರಾ’ ಎಂದು ಆಜ್ಞೆ ಕೊಟ್ಟರೆ ಶಿರಾದ ಕಾರ್ಡಿನದಕ್ಕೆ ಹೋಗುತ್ತಿತ್ತು.

ಇಷ್ಟಾದರೂ ಇನ್ನೊಂದು ತೊಡಕು ಉಳಿದಿತ್ತು. ಕೆಲವು ದಿನ ಸಂಪರ್ಕ ಸಿಕ್ಕಿರುತ್ತದೆ, ದೀಪಗಳೂ ಉರಿಯುತ್ತಿರುತ್ತವೆ, ಆದರೆ ಚಾಟ್ ತೆರೆಯುವುದಿಲ್ಲ. ಮೇಷ್ಟ್ರನ್ನು ಸ್ಟಾಫ್ ರೂಮಿನಲ್ಲಿ ಹಿಡಿದೆ. ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ಕಂಪ್ಯೂಟರು ಪ್ರತಿ ಕಂಪನಿಗೂ ತನ್ನದೇ ಬೇರೆ ಇರುತ್ತದೆ, ಅದು ತನ್ನ ಗಿರಾಕಿಗಳಿಗೆ ಬಿಟ್ಟು ಪರರಿಗೆ ಉತ್ತರ ಕೊಡುವುದಿಲ್ಲ ಎಂದು ವಿವರಿಸಿದರು. ತುಮಕೂರಿನ ಸಂಪರ್ಕ ನಡುವೆ ಕಡಿದಾಗ ಅದರ ವಿಳಾಸಗಾರನ ಗುರುತು ನನ್ನ ಕಂಪ್ಯೂಟರಿನಲ್ಲಿ ಹಾಗೇ ಉಳಿಯುತ್ತಿತ್ತು. ಆಮೇಲೆ ಶಿರಾಕ್ಕೆ ಹೋದರೆ, ನಾನು ಶಿರಾದ ದಾರಿಯಲ್ಲಿ ನಿಂತು ತುಮಕೂರಿನವನನ್ನು ಕೇಳುತ್ತಿದ್ದೆ. ಹಳೆಯ ಗುರುತು ಅಳಿಸಿ ಹೊಸದು ಬರೆಯಬೇಕಿತ್ತು. ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟೆ. ಹೀಗೆ ಕೆಲವು ತಿಂಗಳು ಯಾವ ಸಂಜೆಯೂ ತಪ್ಪದೆ ನಡೆಯಿತು. ಅಪ್ಪ ಬಾಗಿಲಲ್ಲಿ ನಿಂತು “ಏನಂತೆ?” ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಅವರು ಒಳಕ್ಕೆ ಬಂದು ಕೂರುತ್ತಿರಲಿಲ್ಲ.

ಆ ವರ್ಷ ತಂಗಿ ಸಂಕ್ರಾಂತಿಗೆ ಬಂದಾಗ ಶಿರಾದಿಂದ ಒಂದು ಸಂಬಂಧದವರು ಬಂದು ನೋಡಿಕೊಂಡು ಹೋದರು. ಹುಡುಗನಿಗೆ ಬಟ್ಟೆ ಅಂಗಡಿ. ಒಳ್ಳೆಯ ಮನೆತನ ಎಂದು ಎಲ್ಲರೂ ಹೇಳಿದರು. ಒಂದು ತಿಂಗಳ ಮೇಲೆ ಒಪ್ಪಿಗೆ ಎಂದು ಹೇಳಿ ಕಳಿಸಿದರು. ಮದುವೆಯಾದ ಮೇಲೆ ಕೆಲಸ ಬಿಡಬೇಕು ಎಂಬುದು ಒಂದೇ ಷರತ್ತು. ಅಮ್ಮನಿಗೆ ಹೋದ ಜೀವ ಬಂದಂತಾಯಿತು. ನಾವಿಲ್ಲದ ಕಾಲಕ್ಕೆ ಅವಳಿಗೆ ಯಾರು ಎಂಬ ಒಂದೇ ಯೋಚನೆ ಅಮ್ಮನನ್ನು ಇಪ್ಪತ್ತು ವರ್ಷದಿಂದ ತಿನ್ನುತ್ತಿತ್ತು. ಅಪ್ಪ ಮೈಸೂರಿಗೆ ಫೋನು ಮಾಡಿ ವಾರ್ಡನ್ ಹತ್ತಿರ ವಿಷಯ ಹೇಳಿ, ಅವಳನ್ನು ಕೇಳಿ ತಿಳಿಸಿ ಎಂದರು. ಸ್ವಲ್ಪ ಹೊತ್ತಿನ ಮೇಲೆ ವಾರ್ಡನ್ ತಿರುಗಿ ಫೋನು ಮಾಡಿ, ಕೇಳಿದೆ, ತಲೆ ಆಡಿಸಿದಳು, ಒಪ್ಪಿದ್ದಾಳೆ ಎಂದರು.

ನಾನು ಕಾಲೇಜಿನಿಂದ ಬರುವ ಹೊತ್ತಿಗೆ ಹುಡುಗನ ಸೋದರಮಾವ ನಮ್ಮ ನಡುಮನೆಯಲ್ಲಿ ಕೂತಿದ್ದರು. ಖಚಿತ ಮಾತು ತೆಗೆದುಕೊಂಡು ಸಂಜೆಯ ಬಸ್ಸಿಗೆ ವಾಪಸ್ ಹೋಗಬೇಕೆಂದು ಬಂದಿದ್ದರು. ಅಮ್ಮ ಉಪ್ಪಿಟ್ಟು ಮಾಡುತ್ತಿದ್ದರು. ವಿಷಯ ಕೇಳಿ ನಾನು ಅಪ್ಪನನ್ನು ಒಳಕ್ಕೆ ಕರೆದೆ. ತಲೆ ಆಡಿಸಿದ್ದು ಒಪ್ಪಿಗೆಯೋ, ಹೇಳಿದ್ದು ತಿಳಿಯಿತು ಎಂದೋ ವಾರ್ಡನ್‌ಗೆ ಹೇಗೆ ಗೊತ್ತು ಎಂದು ಕೇಳಿದೆ. ಆ ಹೆಂಗಸಿಗೆ ಸನ್ನೆ ಸರಿಯಾಗಿ ಬರುವುದಿಲ್ಲ ಎಂದು ತಂಗಿಯೇ ಎಷ್ಟೋ ಸಲ ಬರೆದಿದ್ದಳು. ಐದೂಮುಕ್ಕಾಲು ಆಗಿತ್ತು. ಆರು ಗಂಟೆಗೆ ಅವಳೇ ಸಿಗುತ್ತಾಳೆ, ಅವಳನ್ನೇ ಕೇಳೋಣ ಎಂದೆ.

ಅಮ್ಮ ಒಲೆಯ ಮುಂದಿನಿಂದಲೇ, ಸುಮ್ಮನೆ ಕೆದಕಬೇಡ ಎಂದರು. ಅದು ಕೋಪವೋ ಹೆದರಿಕೆಯೋ ಗೊತ್ತಾಗಲಿಲ್ಲ. ಅಪ್ಪ ಗೋಡೆಯ ಗಡಿಯಾರ ನೋಡಿದರು.

“ಆರೂವರೆ ಗಂಟ ಕಾಯಕ್ಕೇಳ್ತೀನಿ, ಕೇಳು,” ಎಂದರು. “ಆಮೇಲೆ ಕಾಯುಸ್ದ್ರೆ ಚೆನ್ನಾಗಿರಲ್ಲ ಕಣಮ್ಮ.”

ಮಧುಗಿರಿಯ ನಂಬರು ಎಂಗೇಜು. ಐದು ಸಲ ಡಯಲ್ ಮಾಡಿದೆ, ಐದು ಸಲವೂ ಎಂಗೇಜು. ತುಮಕೂರಿಗೆ ಹೋದೆ. ಸಿಕ್ಕಿತು. ಚಾಟ್ ತೆರೆದುಕೊಳ್ಳುತ್ತಿರುವಾಗಲೇ ಕಡಿದುಹೋಯಿತು. ಮತ್ತೆ ಮಾಡಿದೆ, ಮತ್ತೆ ಕಡಿಯಿತು. ಆರೂ ಹತ್ತಾಗಿತ್ತು. ನಡುಮನೆಯಿಂದ ತಟ್ಟೆ ಲೋಟದ ಸದ್ದು ಕೇಳುತ್ತಿತ್ತು. ಶಿರಾದ ಕಾರ್ಡಿಗೆ ಹೋದೆ. ಅದು ಕೇಳಿದ್ದು ಕೇಳಿದಂತೆ ಹೆಸರು, ಪಾಸ್‌ವರ್ಡು ತೆಗೆದುಕೊಂಡಿತು. ಸಂಪರ್ಕ ನಿಂತಿತು. ಚಾಟ್ ತೆರೆಯಲಿಲ್ಲ.

ಮೋಡೆಮ್ಮನ್ನು ಆರಿಸಿ ಮತ್ತೆ ಮೊದಲಿಂದ ಮಾಡೋಣ ಎಂದುಕೊಂಡವಳು, ಬೇಡ, ಸಿಕ್ಕಿರುವ ದಾರಿ ಬಿಡಬಾರದು ಎಂದು ತಡೆದೆ. ನೋಟ್‌ಬುಕ್ ತೆಗೆದೆ. ವಿಳಾಸಗಾರನ ಗುರುತು ಬರೆದಿಡುವ ಫೈಲು ತೆರೆದು ನೋಡಿದರೆ ತುಮಕೂರಿನವನದು ಹಾಗೇ ಕೂತಿತ್ತು. ಅಳಿಸಿದೆ. ಶಿರಾದ್ದನ್ನು ಒಂದೊಂದೇ ಅಂಕಿ ಬೆರಳಿಟ್ಟು ನೋಡಿಕೊಂಡು ಹೊಡೆದೆ. ಚಾಟ್ ತೆರೆಯಿತು. ತಂಗಿ ಅಲ್ಲಿದ್ದಳು. ನಾಲ್ಕು ಸಲ ‘ಅಕ್ಕ’ ಎಂದು ಬರೆದಿದ್ದಳು.

ಸುತ್ತುಬಳಸು ಇಲ್ಲದೆ ಕೇಳಿದೆ. ಶಿರಾದವರು ಕೂತಿದ್ದಾರೆ, ನೀನು ಒಪ್ಪಿದ್ದೀಯ ಎಂದು ವಾರ್ಡನ್ ಹೇಳಿದ್ದಾರೆ, ನಿಜವಾ?

ಉತ್ತರ ಬಂತು: “ಯೋಚನೆ ಮಾಡ್ತೀನಿ ಅಂದೆ. ಅಪ್ಪ ಎಲ್ಲಿ?” ಇಲ್ಲೇ ಇದ್ದಾರೆ, ಏನು ಹೇಳಲಿ ಎಂದೆ. “ನೀನು ಹೇಳಬೇಡ. ಅಪ್ಪನೇ ಬಂದು ಕೇಳಲಿ. ಅವರೇ ಟೈಪ್ ಮಾಡಲಿ. ಎಷ್ಟು ಹೊತ್ತಾದರೂ ಕಾಯ್ತೀನಿ. ವಾಚ್‌ಮನ್‌ಗೆ ಹೇಳಿದ್ದೀನಿ.”

ಅಪ್ಪನನ್ನು ಕರೆದು ತೋರಿಸಿದೆ. ಅವರಿಗೆ ಲಾರಿ ನಂಬರು ಓದುವಷ್ಟು ಇಂಗ್ಲಿಷ್ ಅಕ್ಷರ ಗೊತ್ತಿತ್ತು. ಕುರ್ಚಿಯಲ್ಲಿ ಕೂತು, ಪಂಚೆಗೆ ಬೆರಳು ಒರೆಸಿಕೊಂಡು, ಕೀಲಿಮಣೆಯ ಮೇಲೆ ಅಕ್ಷರ ಹುಡುಕತೊಡಗಿದರು. ನಾನು ಯಾವ ಅಕ್ಷರ ಎಂದು ಬಾಯಲ್ಲಿ ಹೇಳಿದೆ, ಕೈ ಹಾಕಲಿಲ್ಲ. ‘ನಾನು ಅಪ್ಪ’ ಎಂದು ಬರೆಯಲು ಒಂದು ನಿಮಿಷ ಆಯಿತು. ‘ನಿಂಗೆ ಒಪ್ಪಿಗೇನಾ’ ಎಂದು ಬರೆಯಲು ಇನ್ನೂ ಎರಡು. ಅಷ್ಟು ಹೊತ್ತೂ ತೆರೆಯ ಆ ಕಡೆಯಿಂದ ಒಂದು ಅಕ್ಷರವೂ ಬರಲಿಲ್ಲ. ಅವಳು ಕಾಯುತ್ತಿದ್ದಳು.

“ಇಲ್ಲ ಅಪ್ಪ,” ಎಂದು ಬಂತು. ಆಮೇಲೆ ನಿಧಾನವಾಗಿ, ಅಪ್ಪ ಓದಿಕೊಳ್ಳಲಿ ಎಂದು ಒಂದೊಂದೇ ಸಾಲು ಬರೆದಳು: ಶಿರಾದವರು ಬಂದ ದಿನ ಎರಡು ಗಂಟೆ ಕೂತಿದ್ದರು. ಒಬ್ಬರೂ ನನ್ನ ಕಡೆ ತಿರುಗಿ ಒಂದು ಮಾತು ಕೇಳಲಿಲ್ಲ. ನನ್ನ ಬಗ್ಗೆ ಎಲ್ಲವನ್ನೂ ನಿಮ್ಮನ್ನೇ ಕೇಳಿದರು. ಆ ಹುಡುಗನ ಕೈಯಲ್ಲಿ ಪೆನ್ನಿತ್ತು, ಎದುರಿಗೆ ಕಾಗದವಿತ್ತು. ನಾನು ಕೆಲಸ ಬಿಡುವುದಿಲ್ಲ. ಇಲ್ಲಿ ನನ್ನ ಮಾತು ಎಲ್ಲರಿಗೂ ಅರ್ಥ ಆಗುತ್ತದೆ.

ನಾನು ಒಂದೊಂದೇ ಸಾಲು ಓದಿ ಹೇಳಿದೆ. ಕೊನೆಯ ಸಾಲನ್ನು ಅಪ್ಪ ಎರಡು ಸಲ ಓದಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಅವರೇ ಹುಡುಕಿ ಹುಡುಕಿ ‘ಸರಿ’ ಎಂಬ ಒಂದು ಪದ ಹೊಡೆದು, ಎದ್ದು ನಡುಮನೆಗೆ ಹೋದರು.

ಹುಡುಗಿಗೆ ಒಪ್ಪಿಗೆ ಇಲ್ಲ, ನಿಮ್ಮನ್ನು ಕಾಯಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ ಎಂದು ಅಪ್ಪ ಹೇಳಿದರು. ಆ ಹಿರಿಯರಿಗೆ ಮುಖ ಸಣ್ಣಗಾಯಿತು. ಇಂಥ ಹುಡುಗಿಗೆ ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಗುತ್ತದೆ, ಕಿವಿ ಕೇಳದವಳನ್ನು ಏನು ಕೇಳುವುದು, ದೊಡ್ಡವರು ನೀವು ತೀರ್ಮಾನ ಮಾಡಬೇಕು ಎಂದರು. ಅಪ್ಪ ಅವರನ್ನು ಬಾಗಿಲವರೆಗೆ ಕಳಿಸಲು ಎದ್ದವರು ಅಲ್ಲೇ ನಿಂತರು.

“ನಮ್ ಹುಡ್ಗಿಗೆ ಕೇಳ್ಸಲ್ಲ ಅಷ್ಟೆ ಸ್ವಾಮಿ. ಹೇಳಕ್ಕೆ ಬತ್ತದೆ.”

ಅವರು ಬಸ್ಸಿಗೆ ಹೋದರು. ನಾನು ನಡುಮನೆಯಿಂದ ತಿರುಗಿ ಬರುವಾಗ ಚಾಟ್‌ನಲ್ಲಿ ಯಾರೂ ಇರಲಿಲ್ಲ, ಅಲ್ಲಿ ಮೈಸೂರಿನ ಕೋಣೆಗೆ ಬೀಗ ಬಿದ್ದಿತ್ತು.

ಅಮ್ಮ ಸುಮಾರು ಒಂದು ತಿಂಗಳು ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ತಂಗಿಯ ಮೇಲೆ ತೋರಿಸಲಾಗದ ಕೋಪ ನನ್ನ ಮೇಲೆ ಬಿತ್ತು. ಬೆಳಿಗ್ಗೆ ಡಬ್ಬಿ ಕಟ್ಟಿ ಮೇಜಿನ ಮೇಲಿಟ್ಟು ಹೋಗಿಬಿಡುತ್ತಿದ್ದರು. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಬಸ್ಸಿನಲ್ಲಿ ಕೂತು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ನಾಳೆ ಅವಳು ಒಂಟಿಯಾಗಿ ಉಳಿದರೆ ಆ ಭಾರ ಯಾರ ಮೇಲೆ? ಆದರೆ ತೆರೆಯ ಮೇಲೆ ಬಂದ ‘ಇಲ್ಲ ಅಪ್ಪ’ ಎಂಬ ಎರಡು ಪದ ನೆನೆದಾಗಲೆಲ್ಲ ಮನಸ್ಸು ಗಟ್ಟಿಯಾಗುತ್ತಿತ್ತು. ಆ ಮಾತು ಅವಳ ಹೊಟ್ಟೆಯಲ್ಲೇ ಉಳಿದು, ವಾರ್ಡನ್‌ರ ಬಾಯಿಂದ ‘ಹೂಂ’ ಆಗಿ ಬಂದಿತ್ತಲ್ಲ.

ಮೂರು ಕಂಪನಿಗಳನ್ನು ನಂಬಿ ಇನ್ನು ಹೀಗೆ ಗಡಿಯಾರ ನೋಡಿಕೊಂಡು ಕೂರಲಾಗದು ಎಂದು ಆ ಬೇಸಿಗೆ ರಜೆಯಲ್ಲಿ ಒಂದು ಕೆಲಸ ಮಾಡಿದೆ. ಬೆಟ್ಟದ ಬಂಡೆ ಕಾದು ಊರೆಲ್ಲ ಒಲೆಯಂತಾಗುವ ತಿಂಗಳು ಅದು. ಮೇಷ್ಟ್ರು ಪಾವಗಡಕ್ಕೆ ಹೋಗಿದ್ದರು, ಫೋನಿನಲ್ಲಿ ಕೇಳಿ ಕೇಳಿ ಬರೆದುಕೊಂಡೆ. ಮಧುಗಿರಿಗೆ ಮೂರು ಸಲ ಡಯಲ್ ಮಾಡು, ಸಿಗದಿದ್ದರೆ ಶಿರಾಕ್ಕೆ ಹೋಗು, ಅದೂ ಸಿಗದಿದ್ದರೆ ತುಮಕೂರು, ಯಾವುದು ಸಿಕ್ಕರೂ ಹಳೆಯ ಗುರುತು ಅಳಿಸಿ ಅದರದ್ದೇ ಬರೆ ಎಂದು ಕಂಪ್ಯೂಟರಿಗೇ ಒಂದು ಪುಟದಷ್ಟು ಸೂಚನೆ ಬರೆದೆ. ಎಷ್ಟೋ ಸಲ ತಪ್ಪಾಯಿತು. ಒಮ್ಮೆ ನಿಲ್ಲದೆ ಡಯಲ್ ಮಾಡುತ್ತ, ಅಪ್ಪನಿಗೆ ಮಧ್ಯಾಹ್ನವೆಲ್ಲ ಫೋನೇ ಸಿಗದಂತಾಯಿತು. ಕೊನೆಗೆ ಸರಿಹೋಯಿತು. ಐದೂ ಐವತ್ತೈದಕ್ಕೆ ಒಂದು ಗುಂಡಿ ಒತ್ತಿ ಕೂತರೆ ಆರರೊಳಗೆ ಯಾವುದಾದರೂ ಒಂದು ದಾರಿ ತೆರೆದಿರುತ್ತಿತ್ತು.

ಅಪ್ಪ ಈಗ ವಾರಕ್ಕೊಮ್ಮೆ ತಾವೇ ಬಂದು ಕುರ್ಚಿಯಲ್ಲಿ ಕೂರತೊಡಗಿದರು. ಅವರ ಮಾತು ಮುಗಿಯುವಷ್ಟರಲ್ಲಿ ನಮ್ಮ ಅರ್ಧ ಗಂಟೆಯೇ ಮುಗಿದಿರುತ್ತಿತ್ತು. ಮಳೆ, ಹುಣಸೆಯ ಫಸಲು, ಪುರವರದ ನೆಂಟರ ಮನೆಯ ವಿಷಯ ಇಷ್ಟೇ ಬರೆಯುತ್ತಿದ್ದರು. ಒಂದು ಸಂಜೆ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಬೆನ್ನ ಹಿಂದೆ ನಿಂತರು.

“ಅವ್ಳು ಬೈದ್ರೂ ಬೈಲಿ,” ಎಂದರು. “ನನ್ ಕೈಯಿಂದ್ಲೂ ಒಂದು ಬರ್ಸು.”

ಅಮ್ಮನಿಗೆ ಇಂಗ್ಲಿಷ್ ಅಕ್ಷರ ಗೊತ್ತಿರಲಿಲ್ಲ. ನಾನು ತೋರಿಸಿದ ಕೀಲಿಯನ್ನೆಲ್ಲ ಒತ್ತಿದರು. ಊಟ ಮಾಡಿದೆಯಾ ಎಂದು ಕೇಳಿದರು. ತಂಗಿ ಬೈಯಲಿಲ್ಲ. ಮಾಡಿಲ್ಲ, ಈಗ ಹೋಗಿ ಮಾಡುತ್ತೇನೆ, ಸಾರು ಮಾತ್ರ ನಿನ್ನದರ ಹಾಗೆ ಇರುವುದಿಲ್ಲ ಎಂದು ಬರೆದಳು.

ಮೂರು ವರ್ಷದ ಮೇಲೆ ಅವಳು ತನ್ನ ಶಾಲೆಯಲ್ಲೇ ಬಡಗಿ ಕೆಲಸ ಕಲಿಸುವವನನ್ನು ಮದುವೆಯಾದಳು. ಅವನಿಗೂ ಕಿವಿ ಕೇಳುವುದಿಲ್ಲ. ಪಾವಗಡ ತಾಲ್ಲೂಕಿನವನು. ಮನೆಯ ಮಾತು ತೆಲುಗು, ಕೈಯ ಮಾತು ಮೈಸೂರಿನ ಶಾಲೆಯದು. ನಮ್ಮ ಜಾತಿಯವನಲ್ಲ. ವಿಷಯ ತಿಳಿದ ದಿನ ಅಪ್ಪ ರಾತ್ರಿ ಊಟ ಬಿಟ್ಟರು, ಮಾರನೆಯ ದಿನ ಮೈಸೂರಿನ ಬಸ್ಸು ಹತ್ತಿದರು. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕಾಗದದ ಮೇಲೆ ಬರೆದು ಬರೆದು ಮಾತಾಡಿ ಬಂದರು. ಆ ಕಾಗದದ ಹಾಳೆಗಳನ್ನು ಅಂಗಿಯ ಜೇಬಿನಲ್ಲೇ ತಂದಿದ್ದರು, ಅಮ್ಮನಿಗೆ ಓದಿ ಹೇಳಲು. ಹುಡುಗ ನೆಟ್ಟಗೆ ಉತ್ತರ ಕೊಡುತ್ತಾನೆ ಎಂದು ಮಾತ್ರ ಹೇಳಿದರು.

ಆಮೇಲೆ ಬ್ರಾಡ್‌ಬ್ಯಾಂಡು ಬಂತು. ತುಮಕೂರಿನ ಕಂಪನಿ ಮುಚ್ಚಿತು, ಶಿರಾದಲ್ಲಿ ಕಾರ್ಡು ಸಿಗುವುದು ನಿಂತಿತು. ಮಧುಗಿರಿಯ ನಂಬರು ಎಂದು ನಿಂತಿತೋ ನನಗೆ ಗೊತ್ತೇ ಆಗಲಿಲ್ಲ, ಅಷ್ಟು ಹೊತ್ತಿಗೆ ನಾನು ಅದಕ್ಕೆ ಡಯಲ್ ಮಾಡುವುದನ್ನೇ ಬಿಟ್ಟಿದ್ದೆ. ಈಗ ಮೊಬೈಲಿನಲ್ಲಿ ಮುಖ ನೋಡಿಕೊಂಡು ಕೈಯಲ್ಲೇ ಮಾತಾಡುತ್ತೇವೆ. ನನ್ನ ಸನ್ನೆ ತಪ್ಪಾದರೆ ತಂಗಿಯ ಮಗಳು ತಿದ್ದುತ್ತಾಳೆ. ಅವಳಿಗೆ ಕಿವಿ ಕೇಳುತ್ತದೆ, ಹತ್ತನೇ ತರಗತಿಯಲ್ಲಿದ್ದಾಳೆ, ದೊಡ್ಡಮ್ಮನ ಕೈ ಬಹಳ ನಿಧಾನ ಎಂದು ಗೇಲಿ ಮಾಡುತ್ತಾಳೆ. ನಾನು ಇನ್ನೂ ಕಲಿಯುತ್ತಿದ್ದೇನೆ.